ಬಿಡುವ ನರ

ಕಾಯಿ ತುರಿದು ಮುಗಿದಿತ್ತು. ಕೈ ಮಾತ್ರ ಗರಟೆಯನ್ನು ಬಿಟ್ಟಿರಲಿಲ್ಲ.

ಮಾಸ್ತಮ್ಮ ತುರಿಮಣೆಯ ಮೇಲೆ ಕುಳಿತೇ ಬಲಗೈಯನ್ನು ಒಮ್ಮೆ ಕೊಡವಿದಳು. ಬೆರಳುಗಳು ಗರಟೆಯ ಸುತ್ತ ಬಿಗಿದುಕೊಂಡೇ ಇದ್ದವು. ನೋವಿಲ್ಲ, ಆಯಾಸವಿಲ್ಲ. ಸಿಟ್ಟು ಬರಿಸುತ್ತಿದ್ದದ್ದೇ ಅದು. ಸಂಜೆಯವರೆಗೆ ಹೀಗೇ ಹಿಡಿದುಕೊಂಡಿರು ಎಂದರೂ ಆ ಕೈ ಬೇಜಾರಿಲ್ಲದೆ ಹಿಡಿದುಕೊಂಡಿರುತ್ತಿತ್ತು.

ಒಲೆಯ ಮುಂದಿದ್ದ ಸೊಸೆ ನೇತ್ರಾ ತಿರುಗಿ ನೋಡಿದಳು. "ಅತ್ತೇ, ಸಾರಿಗೆ ಗರಟೆನೂ ಹಾಕೂದಾ ಇವತ್ತು?"

"ನಗಾಡು, ನಗಾಡು. ಹಿಡಿದದ್ದು ಬಿಡದ ಅತ್ತೆ ಸಿಕ್ಕೂದೂ ಒಂದು ಪುಣ್ಯವೇ."

"ಹಿಡಿದದ್ದು ಬಿಡದ ಅತ್ತೆ ಊರಲ್ಲಿ ಎಲ್ಲರಿಗೂ ಸಿಕ್ಕಿದಾಳೆ. ಬಟನ್ ಇರೂ ಅತ್ತೆ ನಂಗೊಬ್ಬಳಿಗೇ."

ನೇತ್ರಾ ಸೆರಗಿಗೆ ಕೈ ಒರೆಸಿಕೊಂಡು ಬಂದು, ಅತ್ತೆಯ ಮೊಣಕೈ ಕೆಳಗೆ ಕಟ್ಟಿದ್ದ ಬೂದು ಪಟ್ಟಿಯ ಅಂಚಿನ ಗುಂಡಿಯನ್ನು ಒತ್ತಿದಳು. ಪಟ್ಟಿಯೊಳಗೆ ತಣ್ಣನೆಯ ಹನಿಯೊಂದು ಹರಿದಂತಾಯಿತು. ಬೆರಳುಗಳು ಒಂದೊಂದಾಗಿ ಸಡಿಲಗೊಂಡವು. ಗರಟೆ ಉರುಳಿ ಒಲೆಯ ಬುಡಕ್ಕೆ ಹೋಯಿತು. ಎಡಗೈಯಿಂದ ಮಾಸ್ತಮ್ಮ ತಾನೇ ಒತ್ತಿಕೊಳ್ಳಬಹುದಿತ್ತು. ಆದರೆ ಇವತ್ತಾದರೂ ಗುಂಡಿಯ ಹಂಗಿಲ್ಲದೆ ಬಿಡಬೇಕು ಎಂಬ ಹಟ ಅವಳಿಗೆ ದಿನಾ ಬೆಳಿಗ್ಗೆ ಹೊಸದಾಗಿ ಹುಟ್ಟುತ್ತಿತ್ತು.

ಹಿಂದಿನ ವರ್ಷ ಲಕ್ವ ಹೊಡೆದಾಗ ಮಾತು ಉಳಿಯಿತು, ಕಾಲು ಉಳಿಯಿತು, ಬಲಗೈ ಬೆರಳುಗಳು ಮಾತ್ರ ಬಾಡಿದ ಬಸಳೆ ಕುಡಿಯಂತೆ ಜೋತುಬಿದ್ದವು. ಬೇರೆಯವರಿಗಾದರೆ ಹೇಗೋ ನಡೆಯುತ್ತಿತ್ತು. ಮಾಸ್ತಮ್ಮ, ಹೊಳೆ ಕಡಲು ಸೇರುವ ಅಳಿವೆಯನ್ನು ದಾಟಿಸುವ ತಾರಿಯ ದೋಣಿಯಲ್ಲಿ ಮುಂತಲೆಯ ಕೆಲಸದವಳು. ಗಂಡ ಹೊನ್ನಪ್ಪ ಹಿಂದೆ ಚುಕ್ಕಾಣಿಗೆ, ಇವಳು ಮುಂದೆ ಹಗ್ಗಕ್ಕೆ. ದೋಣಿ ಈಗ ಬಿಸಿಲಿನ ವಿದ್ಯುತ್ತಿನಿಂದ ಸದ್ದಿಲ್ಲದೆ ಓಡುತ್ತಿತ್ತು ನಿಜ. ಆದರೆ ದಡಕ್ಕೆ ತಾಗುವಾಗ ಹಗ್ಗ ಹಿಡಿಯಲು, ಮುದುಕರ ರಟ್ಟೆಗೆ ಆಸರೆ ಕೊಡಲು, ಬುಟ್ಟಿ ಎತ್ತಿಕೊಡಲು ಮನುಷ್ಯರ ಕೈಯೇ ಬೇಕಿತ್ತು. ಅವಳ ಜಾಗದಲ್ಲಿ ಸದ್ಯಕ್ಕೆ ನೇತ್ರಾ ಹೋಗುತ್ತಿದ್ದಳು, ಬದಲಿಯಾಗಿ. ಶ್ರಾವಣದ ನೂಲಹುಣ್ಣಿಮೆಗೆ ಹೊಸ ಪರವಾನಗಿ ಕೊಡುತ್ತಾರೆ. ಅಷ್ಟರೊಳಗೆ ಕೈ ಸರಿಹೋಗಿದೆ ಎಂಬ ಮಾಸ್ತಮ್ಮನ ಪತ್ರ ಜಿಲ್ಲಾ ಜಲಸಾರಿಗೆ ಕಚೇರಿಗೆ ಮುಟ್ಟದಿದ್ದರೆ ಮುಂತಲೆಯ ಕೆಲಸ ಚೀಟಿ ಎತ್ತಿ ಬೇರೆ ಯಾರಿಗೋ ಹೋಗುತ್ತಿತ್ತು.

ಪತ್ರ ಬರೆದಾಗಿತ್ತು. ಕೆಟ್ಟಿದ್ದ ಕೈಯಲ್ಲೇ ಬರೆದಿರಬೇಕು, ಅಂಚೆಯಲ್ಲೇ ಕಳಿಸಬೇಕು ಎಂಬುದು ಆ ಕಚೇರಿಯ ಹಳೆಯ ನಿಯಮ. ಪಟ್ಟಿ ಕಟ್ಟಿದ ಕೈ ಪೆನ್ನು ಹಿಡಿಯುವುದರಲ್ಲಿ ಬಲು ಚುರುಕು. ಅಕ್ಷರ ಸ್ವಲ್ಪ ಓರೆ, ಅಷ್ಟೇ. ಆದರೆ ಅದರಲ್ಲೊಂದು ಸಾಲಿತ್ತು: "ನನ್ನ ಬಲಗೈ ಹಿಡಿಯುತ್ತದೆ, ಬಿಡುತ್ತದೆ; ಬಿಡಲು ಇನ್ನೊಂದು ಕೈಯ ನೆರವು ಬೇಕಿಲ್ಲ." ಆ ಸಾಲು ಇನ್ನೂ ನಿಜವಾಗಿರಲಿಲ್ಲ. ಹಾಗಾಗಿ ಬೇಸಿಗೆಯಿಂದಲೂ ಪತ್ರ ಗೋಡೆಯ ಗೂಡಿನಲ್ಲೇ ಇತ್ತು.

"ಕಳಿಸಿಬಿಡೇ," ಎಂದು ಹೊನ್ನಪ್ಪ ಊಟಕ್ಕೆ ಕುಳಿತಾಗೆಲ್ಲ ಹೇಳುತ್ತಿದ್ದ. "ಗುಂಡಿ ಒತ್ತೂಕೆ ಒಂದು ಗಳಿಗೆ ಸಾಕು. ಆ ಕಚೇರಿಯವರು ಬಂದು ನೋಡ್ತಾರಾ?"

"ಅವರು ನೋಡೂದಿಲ್ಲ. ಹೊಳೆ ನೋಡ್ತದೆ. ಒಂದು ಕೈಯಲ್ಲಿ ಹಗ್ಗ, ಒಂದು ಕೈಯಲ್ಲಿ ಜನ ಇರುವಾಗ ಗುಂಡಿ ಒತ್ತೂಕೆ ಮೂರನೇ ಕೈ ನೀವು ಕೊಡ್ತ್ರಾ?"

ಹೊನ್ನಪ್ಪ ಅನ್ನ ಕಲಸುತ್ತಿದ್ದ.

*

ಪಟ್ಟಿ ಕೊಟ್ಟವರು ಆಚೆ ದಡದ ಕಡಲಜೀವಿ ಪ್ರಯೋಗಾಲಯದವರು. ಅಲ್ಲಿನ ಮುಖ್ಯಸ್ಥೆ ಡಾಕ್ಟರ್ ನೀಲಮ್ಮ ಹೂಗಾರ ಬಾಗಲಕೋಟೆ ಕಡೆಯವರು. ಕಡಲನ್ನು ಮೊದಲು ಕಂಡದ್ದೇ ಕಾಲೇಜು ಮುಗಿದ ಮೇಲೆ ಎಂದು ತಾವೇ ಹೇಳಿ ನಗುತ್ತಿದ್ದರು. ಮೊದಲ ದಿನ ಅವರು ಗಾಜಿನ ತೊಟ್ಟಿಯಿಂದ ಒಂದು ಬೆಳಚನ್ನು ಎತ್ತಿ ಮಾಸ್ತಮ್ಮನ ಎಡಗೈಯಲ್ಲಿಟ್ಟಿದ್ದರು. ಅಳಿವೆಯ ಮರಳಲ್ಲಿ ಹೆಂಗಸರು ಬಗೆದು ತೆಗೆಯುವ, ಎರಡು ಚಿಪ್ಪಿನ ಅದೇ ಬೆಳಚು.

"ತೆರೀರಿ ನೋಡೋಣ, ಬೆರಳಿನಿಂದ."

"ಕತ್ತಿ ಇಲ್ಲದೆ ಆಗೂದಿಲ್ಲ ಅಮ್ಮಾ. ಅದರ ಹಟ ನಂಗೆ ಗೊತ್ತಿಲ್ವಾ?"

"ಆ ಹಟಾನ ನಾವು ಸಾಲ ಇಸಗೊಂಡೀವಿ," ಎಂದಿದ್ದರು ನೀಲಮ್ಮ. "ಕೇಳ್ರಿ. ನೀವು ಕೊಡ ಹಿಡಕೊಂಡು ನಿಂತೀರಿ ಅಂದ್ರ ನಿಮ್ಮ ನರ ‘ಹಿಡಿ, ಹಿಡಿ, ಹಿಡಿ’ ಅಂತ ಹೇಳಕೋಂತನ ಇರಬೇಕು. ಹೇಳೋದು ನಿಂತ್ರ ಕೊಡ ನೆಲಕ್ಕ. ಅದಕ್ಕ ಕೈ ಸೋಲ್ತದ. ಬೆಳಚಿಗೆ ಹಂಗಿಲ್ಲ. ಅದರ ಒಂದು ನರ ಒಮ್ಮೆ ‘ಹಿಡಿ’ ಅಂದ್ರ ಸಾಕು, ಸ್ನಾಯು ಮುಚ್ಚಿ ಒಳಗ ಅಗಳಿ ಹಾಕ್ಕೊಂಡು ಕುಂದರ್ತದ. ಆಮ್ಯಾಲ ನರ ಸುಮ್ಮನಾದ್ರೂ ಅಗಳಿ ಬೀಳೂದಿಲ್ಲ. ಶಕ್ತೀನೂ ಹೆಚ್ಚಿಗಿ ಖರ್ಚಿಲ್ಲ."

"ಮತ್ತೆ ತೆಗೆಯೂದು ಯಾರು?"

"ಛಲೋ ಕೇಳಿದ್ರಿ! ಅದಕ್ಕ ಬ್ಯಾರೆ ನರ ಅದ. ಹಿಡಿಸೂ ನರ ಒಂದು ರಸ ಬಿಡ್ತದ, ಅಸಿಟೈಲ್‌ಕೋಲಿನ್ ಅಂತ. ಬಿಡಿಸೂ ನರ ಇನ್ನೊಂದು ರಸ, ಸೆರೊಟೋನಿನ್. ಆ ಎರಡನೇದು ಬಂದ್ರ ಮಾತ್ರ ಅಗಳಿ ತೆಗೀತದ."

ಬೆಳಚಿನ ಆ ಸ್ನಾಯುವಿನ ಎಳೆಗಳನ್ನು ಪ್ರಯೋಗಾಲಯದಲ್ಲೇ ಬೆಳೆಸಿ ಪಟ್ಟಿಯೊಳಗೆ ಜೋಡಿಸಿದ್ದರು. ಎಳೆಗಳ ಜೊತೆಗೆ ಎರಡು ಬಗೆಯ ನರಕೋಶಗಳು. ಪಟ್ಟಿಯಿಂದ ಹೊರಟ ದಾರಗಳು ತೆಳುವಾದ ಕೈಗವಸಿನ ಮೂಲಕ ಬೆರಳ ತುದಿ ಮುಟ್ಟುತ್ತಿದ್ದವು. ಮಾಸ್ತಮ್ಮನ ತೋಳಿನ ನರಗಳಲ್ಲಿ ಉಳಿದಿದ್ದ ಸಣ್ಣ ಮಿಡಿತವನ್ನು ಪಟ್ಟಿ ಆಲಿಸಬೇಕು, ಹಿಡಿ ಎಂದರೆ ಒಂದು ಕೋಶವನ್ನು, ಬಿಡು ಎಂದರೆ ಇನ್ನೊಂದನ್ನು ಕೆಣಕಬೇಕು. ಯೋಜನೆ ಸರಳವಾಗಿಯೇ ಇತ್ತು.

ಹಿಡಿಯುವುದು ಮೊದಲ ವಾರದಲ್ಲೇ ಬಂತು. ಬೆಳಿಗ್ಗೆ ಸಿರಿಂಜಿನಲ್ಲಿ ಉಪ್ಪು ಸಕ್ಕರೆಯ ನೀರನ್ನು ಪಟ್ಟಿಗೆ ಕುಡಿಸಬೇಕು. "ಅತ್ತೆಗಿಂತ ಮೊದಲು ಅತ್ತೆಯ ಬೆಳಚಿಗೆ ಚಾ," ಎಂದು ನೇತ್ರಾ ಆ ಕೆಲಸ ತನ್ನದಾಗಿಸಿಕೊಂಡಳು. ಊರಿನವರಿಗೆ ಬೇರೆಯೇ ಚಿಂತೆ. ಸೋಮವಾರ ಮೀನು ಮುಟ್ಟದ ಪಕ್ಕದ ಮನೆಯ ಗಿರಿಜಕ್ಕ, ಮಾಸ್ತಮ್ಮ ದೇವಸ್ಥಾನದ ಮೆಟ್ಟಿಲು ಹತ್ತುವಾಗ ತಡೆದು, "ಹೌದನೇ, ಆ ಪಟ್ಟಿಯೊಳಗೆ ಬೆಳಚಿನ ಮಾಂಸ ಉಂಟಂತಲ್ಲ, ಒಳಗೆ ತರಬಹುದಾ?" ಎಂದು ಕೇಳಿದ್ದಳು. "ನಾನೂ ಬೆಳಚು ತಿಂದೇ ಬೆಳೆದವಳು ಗಿರಿಜಕ್ಕ, ನನ್ನೊಳಗೂ ಅದೇ ಉಂಟು. ಹೊರಗೆ ನಿಂತ್ಕಳ್ಲಾ?" ಎಂದು ಮಾಸ್ತಮ್ಮ ಹೇಳಿದ ಮೇಲೆ ಆ ಮಾತು ಮತ್ತೆ ಏಳಲಿಲ್ಲ.

ಬಿಡುವುದು ಮಾತ್ರ ಬರಲೇ ಇಲ್ಲ.

ವಾರಕ್ಕೊಮ್ಮೆ ಪ್ರಯೋಗಾಲಯದಲ್ಲಿ ಸ್ಟೀಲ್ ಲೋಟ ಹಿಡಿಸಿ ಕೂರಿಸುತ್ತಿದ್ದರು. ಪರದೆಯ ಮೇಲೆ ಅವಳ ನರದ ಮಿಡಿತದ ಗೆರೆ.

"ಬಿಡ್ರಿ."

ಗೆರೆ ಮಲಗಿಯೇ ಇರುತ್ತಿತ್ತು.

"ಬಿಡ್ತಾ ಇದ್ದೆ ಅಮ್ಮಾ. ಮನಸ್ಸಲ್ಲಿ ಎಷ್ಟು ಸಲ ಬಿಟ್ಟೆ."

"ನೀವು ಬಿಡವಲ್ರಿ, ಹಿಡಿಯೋದು ನಿಲ್ಲಸ್ತೀರಿ. ಅಷ್ಟ." ನೀಲಮ್ಮ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ನಮ್ಮ ಕೈಗೆ ಅಷ್ಟು ಸಾಕಿತ್ತು. ಸುಮ್ಮನಾದ್ರ ತಾನ ಬಿಡ್ತಿತ್ತು. ಇದು ಬೆಳಚಿನ ಕೈ. ಇದಕ್ಕ ಬಿಡು ಅಂತ ಬಾಯಿ ಬಿಟ್ಟು ಹೇಳಬೇಕು. ಮನುಷ್ಯಾಗ ಅದು ರೂಢಿ ಇಲ್ಲ ಕಾಣಸ್ತದ. ಪಟ್ಟಿ ಕಟ್ಟಿದವರೆಲ್ಲರದೂ ಇದ ಹಾಡು."

"ಹಾಗಾದ್ರೆ ಪಟ್ಟಿ ವಾಪಸಾ?"

ನೀಲಮ್ಮ ಕನ್ನಡಕ ಮತ್ತೆ ಏರಿಸಿಕೊಂಡರು. "ಗುಂಡಿಯೊಳಗಿನ ಬಿಡಿಸೂ ರಸ ನಾವು ಇಲ್ಲಿ ಹನಿ ಹನಿ ಮಾಡಿ ತುಂಬ್ತೀವಿ, ಅಮ್ಮ. ಅದು ಅಪಾಯಕ್ಕ ಅಂತ ಇಟ್ಟದ್ದು. ದಿನಾ ಅದರ ಮ್ಯಾಲ ನಡಸೂದಾದ್ರ ಈ ಪಟ್ಟಿ ಯಾರಿಗೂ ಕೊಡಾಕ ಬರೂದಿಲ್ಲ. ನೂಲಹುಣ್ಣಿವಿತನಕ ನೋಡೂಣಂತ."

ಅವಳ ಗಡುವೂ ಅದೇ, ಇವರ ಗಡುವೂ ಅದೇ. ಮಾಸ್ತಮ್ಮನಿಗೆ ಅದರಿಂದ ಒಂದು ಬಗೆಯ ಸಮಾಧಾನವೇ ಆಯಿತು. ಒಂದೇ ದೋಣಿಯಲ್ಲಿ ಕುಳಿತವರನ್ನು ಕಂಡರೆ ಆಗುವ ಸಮಾಧಾನ.

*

ಮಳೆ ನಿಂತು ಹೊಳವಾದ ಒಂದು ಬೆಳಿಗ್ಗೆ ಅವಳು ಪ್ರಯೋಗಾಲಯಕ್ಕೆಂದು ಅದೇ ತಾರಿಯಲ್ಲಿ ಹೊರಟಿದ್ದಳು, ಪ್ರಯಾಣಿಕಳಾಗಿ. ಕುಳಿತದ್ದು ಮಾತ್ರ ಅಭ್ಯಾಸಬಲದಿಂದ ಮುಂತಲೆಯ ಪಕ್ಕ. ಹೊನ್ನಪ್ಪ ಚುಕ್ಕಾಣಿಗೆ, ನೇತ್ರಾ ಹಗ್ಗಕ್ಕೆ. ಹೊಳೆ ಕೆಂಪಾಗಿ ಉಬ್ಬಿತ್ತು. ಆಚೆ ದಡ ತಾಗುವಾಗ ಒಂದು ಅಲೆ ಅಡ್ಡ ಬಂದು, ಜನ ಇಳಿಯುವ ಧಕ್ಕೆಯ ಕಂಬಕ್ಕೆ ದೋಣಿ ಬಡಿಯಿತು. ನೇತ್ರಾ ಎರಡೂ ಕೈಯಲ್ಲಿ ಹಗ್ಗ ಜಗ್ಗಿ ಹಿಡಿದಳು. ಇಳಿಯಲೆಂದು ಆಗಲೇ ಎದ್ದಿದ್ದ ಬಾಣಂತಿಯೊಬ್ಬಳು ಮುಗ್ಗರಿಸಿದಳು. ಬೀಳುತ್ತಾ, ತಾರಿಯ ಹೆಂಗಸರೆಲ್ಲ ಮಾಡುವ ಹಾಗೆ, ಮಗುವನ್ನು ಮುಂತಲೆಯಲ್ಲಿದ್ದವಳ ಕೈಗೆ ಚಾಚಿದಳು.

ಮುಂತಲೆಯಲ್ಲಿ ಅವಳಿಗೆ ಕಂಡದ್ದು ಮಾಸ್ತಮ್ಮ.

ಯೋಚಿಸುವಷ್ಟು ಹೊತ್ತಿರಲಿಲ್ಲ. ಎಡಗೈ ಮಗುವಿನ ತಲೆಯಡಿಗೆ ಹೋಯಿತು. ಬಲಗೈ ಸೊಂಟಕ್ಕೆ ಸುತ್ತಿದ್ದ ಬಟ್ಟೆಯನ್ನು ಗಬಕ್ಕನೆ ಹಿಡಿಯಿತು. ಹಿಡಿದ ಕೂಡಲೇ ಒಳಗೆ ಅಗಳಿ ಬಿದ್ದದ್ದು ಅವಳಿಗೆ ತಿಳಿಯಿತು.

ಧಕ್ಕೆಯ ಮೇಲಿಂದ ಕಿರಾಣಿ ಅಂಗಡಿಯ ವಾಮನ ಬಾಗಿ ಎರಡೂ ಕೈ ಚಾಚಿದ. ದೋಣಿಗೂ ಧಕ್ಕೆಗೂ ನಡುವೆ ನೀರು ಬಾಯಿ ತೆರೆಯುವುದು, ಮುಚ್ಚುವುದು. ಅವನು ಮಗುವಿನ ಕಂಕುಳಿಗೆ ಕೈ ಕೊಟ್ಟ. ದೋಣಿ ಮತ್ತೆ ಹಿಂದೆ ಸರಿಯತೊಡಗಿತು.

"ಅತ್ತೇ, ಬಟನ್!" ನೇತ್ರಾ ಕಿರುಚಿದಳು. ಹಗ್ಗ ಬಿಟ್ಟರೆ ದೋಣಿಯೇ ಹೋಗುತ್ತದೆ, ಅವಳು ಬರುವಂತಿಲ್ಲ. ಮಾಸ್ತಮ್ಮನ ಎಡಗೈ ಮಗುವಿನ ತಲೆಯಡಿಯಿಂದ ಬರುವಂತಿಲ್ಲ. ಬಾಣಂತಿ ಮೊಣಕಾಲೂರಿ ಅವಳ ಸೀರೆ ಹಿಡಿದುಕೊಂಡಿದ್ದಳು.

ವಾಮನನಿಗೆ ಇದಾವುದೂ ಗೊತ್ತಿರಲಿಲ್ಲ. ಅವನು ಕಾಲನ್ನು ಗಟ್ಟಿ ಊರಿ, ಮಗುವಿನ ಭಾರವನ್ನೆಲ್ಲ ತನ್ನ ತೋಳಿಗೆ ತೆಗೆದುಕೊಂಡು, ವರ್ಷಗಳಿಂದ ಹೇಳುತ್ತಾ ಬಂದದ್ದನ್ನೇ ಹೇಳಿದ.

"ಬಂತು!"

ಮಾಸ್ತಮ್ಮನ ಬೆರಳುಗಳು ಬಿಚ್ಚಿಕೊಂಡವು.

ಮಗು ಧಕ್ಕೆಗೆ ಹೋಯಿತು, ಅಳತೊಡಗಿತು. ತಾಯಿಯನ್ನು ಇಳಿಸಿದರು. ಯಾರೋ ಮಳೆಯನ್ನು ಬೈದರು, ಯಾರೋ ಹೊನ್ನಪ್ಪನನ್ನು ಬೈದರು. ಮಾಸ್ತಮ್ಮ ಕುಳಿತಲ್ಲೇ ತನ್ನ ಅಂಗೈ ನೋಡುತ್ತಿದ್ದಳು. ನೇತ್ರಾ ಹಗ್ಗ ಕಟ್ಟಿ ಓಡಿ ಬಂದಳು.

"ಅತ್ತೇ, ಬಟನ್ ಯಾರು ಒತ್ತಿದ್ದು?"

"ಯಾರೂ ಒತ್ತಲಿಲ್ಲ ತಂಗೀ," ಎಂದಳು ಮಾಸ್ತಮ್ಮ.

*

ತಾರಿಯಲ್ಲಿ ಒಂದು ಪದ್ಧತಿ. ದೋಣಿಯಿಂದ ದಡಕ್ಕೆ ಏನೇ ದಾಟಿಸಲಿ, ತೆಗೆದುಕೊಳ್ಳುವವನು ಭಾರವನ್ನು ಪೂರ್ತಿ ತನ್ನ ಕೈಗೆ ತೆಗೆದುಕೊಂಡು "ಬಂತು" ಎನ್ನುವವರೆಗೆ ಕೊಡುವವನು ಬಿಡುವಂತಿಲ್ಲ. ಮೊಸರಿನ ಗಡಿಗೆಯಾಗಲಿ, ಅಕ್ಕಿ ಮೂಟೆಯಾಗಲಿ, ಮಗುವಾಗಲಿ. ಮಾಸ್ತಮ್ಮ ಹುಡುಗಿಯಾಗಿದ್ದಾಗಿನಿಂದ ಆ ಮಾತು ಕೇಳಿ ಕೈ ಬಿಟ್ಟವಳು. ಅವಳ ಬಿಡುವಿಕೆ ಯಾವತ್ತೂ ಸುಮ್ಮನಾಗುವುದಾಗಿರಲಿಲ್ಲ. ಕಾದು, ಕೇಳಿ, ಆಮೇಲೆ ಮಾಡುವ ಕೆಲಸವಾಗಿತ್ತು.

ನೀಲಮ್ಮ ಪಟ್ಟಿಯ ನೆನಪನ್ನು ಪರದೆಗೆ ಇಳಿಸಿಕೊಂಡು ಬಹಳ ಹೊತ್ತು ನೋಡಿದರು. ಮಲಗಿದ ಗೆರೆಯ ಮಧ್ಯೆ ಒಂದೇ ಒಂದು ಗೋಪುರ ಎದ್ದಿತ್ತು.

"ಇದ ನೋಡ್ರಿ," ಎಂದರು. "ಇದು ಬಿಡು ಅನ್ನೂ ಮಾತು. ನಿಮ್ಮ ನರದಾಗ ಇತ್ತು. ನಾವು ಕೇಳೂ ರೀತಿ ತಪ್ಪಿತ್ತು. ಒಂಟಿ ಲೋಟ ಕೊಟ್ಟು ಬಿಡ್ರಿ, ಬಿಡ್ರಿ ಅಂತ ಜೀವ ತಿಂದೆ."

ಕೂಡಲೇ ಪರೀಕ್ಷೆ ಮಾಡಬೇಕು ಎಂದು ಲೋಟ ತಂದರು. ಮಾಸ್ತಮ್ಮ ಹಿಡಿದಳು. ನೀಲಮ್ಮ ಲೋಟದ ಅಂಚಿಗೆ ಬೆರಳು ತಾಗಿಸಿ, "ಬಂತ್ರಿ," ಎಂದರು.

ಕೈ ಅಲ್ಲಾಡಲಿಲ್ಲ.

"ಬಂತು. ಬಂತು, ಬಂತು!"

"ಎಲ್ಲಿ ಬಂತು ಅಮ್ಮಾ? ಭಾರ ಇನ್ನೂ ನನ್ನ ಹತ್ರವೇ ಉಂಟು. ಸುಳ್ಳು ಹೇಳಿದ್ರೆ ಕೈ ನಂಬ್ತದಾ?"

ನೀಲಮ್ಮ ಜೋರಾಗಿ ನಕ್ಕುಬಿಟ್ಟರು. ಲೋಟಕ್ಕೆ ನೀರು ತುಂಬಿಸಿದರು, ಎರಡೂ ಕೈಯಿಂದ ಹಿಡಿದು ಭಾರ ಎತ್ತಿಕೊಂಡರು, ಆಮೇಲೆ ಹೇಳಿದರು. ಬೆರಳು ಬಿಚ್ಚಿತು. ನೀರು ಸ್ವಲ್ಪ ನೀಲಮ್ಮನ ಸೀರೆಗೆ ಚೆಲ್ಲಿತು. ಪರದೆಯ ಮೇಲೆ ಗೋಪುರ ಎದ್ದಿತು.

ಅಲ್ಲಿಂದ ಮುಂದಿನದು ನೀಲಮ್ಮನ ತಾಳ್ಮೆಯ ಕೆಲಸ. ಆ ಗೋಪುರ ಎಷ್ಟು ಕುಗ್ಗಿದರೂ ಗುರುತಿಸುವಂತೆ ಅವರು ಪಟ್ಟಿಗೆ ಕಲಿಸುತ್ತಾ ಹೋದರು. ಮೊದಲು ಪೂರ್ತಿ ಭಾರ ತೆಗೆದುಕೊಂಡು ಗಟ್ಟಿಯಾಗಿ ಹೇಳುವುದು. ಆಮೇಲೆ ಅರ್ಧ ಭಾರ, ಮೆಲ್ಲಗಿನ ಮಾತು. ಆಮೇಲೆ ಮಾತಿಲ್ಲದೆ ಬರೀ ಕಣ್ಣು. ಪಟ್ಟಿ ಕಟ್ಟಿದ ಉಳಿದವರನ್ನೂ ಕರೆಸಿ, ಯಾರು ಏನು ಬಿಟ್ಟು ಬದುಕಿದವರು ಎಂದು ವಿಚಾರಿಸತೊಡಗಿದರು. ಕುಸ್ತಿಯ ಉಸ್ತಾದರೊಬ್ಬರ ಕೈ, ಎದುರಾಳಿ ನೆಲ ತಟ್ಟಿದ ಸದ್ದಿಗೆ ಬಿಟ್ಟಿತು. ಹೂ ಕಟ್ಟುವ ಹೆಂಗಸಿನದು, ದಾರ ಹರಿಯುವ ಕ್ಷಣಕ್ಕೆ. ನಿವೃತ್ತ ಹೆಡ್‌ಮಾಸ್ತರರೊಬ್ಬರಿಗೆ ಮಾತ್ರ ಇನ್ನೂ ಏನೂ ಸಿಕ್ಕಿರಲಿಲ್ಲ. ಅವರು ಯಾವತ್ತೂ ಏನನ್ನೂ ಬಿಟ್ಟವರೇ ಅಲ್ಲ ಎಂದು ಅವರ ಹೆಂಡತಿಯೇ ನೀಲಮ್ಮನಿಗೆ ಹೇಳಿದರಂತೆ.

ಮನೆಯಲ್ಲೂ ಅದೇ ಪಾಠ. ಸೌಟು, ಚೊಂಬು, ಕತ್ತಿ ಎಲ್ಲವೂ ಅತ್ತೆಯ ಕೈಯಿಂದ ಸೊಸೆಯ ಕೈಗೆ, "ಬಂತು" ಎಂಬ ಮಾತಿನ ಮೇಲೆ ದಾಟುತ್ತಿದ್ದವು. ಒಮ್ಮೆ ಹೊನ್ನಪ್ಪ ಚಾ ಲೋಟ ಹಿಡಿದು ಕಾದ, ಕಾದ. "ಕೊಡೇ ಮಾರಾಯ್ತಿ, ತಣಿದು ಹೋಯ್ತು," ಎಂದ.

"ಬಂತು ಅನ್ನಿ ಮಾವಾ," ಎಂದಳು ನೇತ್ರಾ ಒಳಗಿನಿಂದ.

"ಚಾ ಕುಡಿಯೂಕೂ ಮಂತ್ರ ಹೇಳ್ಬೇಕಾ ಈ ಮನೇಲಿ! ಬಂತು, ಬಂತು ತಾಯೀ."

ಬರಬರುತ್ತಾ ಹೇಳದೆಯೂ ಬಿಡತೊಡಗಿತು. ಎದುರಿಗೆ ಕೈಯೊಂದು ಚಾಚಿದ್ದರೆ ಸಾಕು. ತುರಿಮಣೆಯ ಮೇಲಿನ ಗರಟೆಯನ್ನು, ಎದುರಿಗೆ ನೇತ್ರಾ ಇದ್ದಾಳೆಂದು ನೆನೆದುಕೊಂಡು ಬಿಟ್ಟ ದಿನ ಮಾಸ್ತಮ್ಮ ಯಾರಿಗೂ ಹೇಳದೆ ಹಿತ್ತಿಲಿಗೆ ಹೋಗಿ ಒಬ್ಬಳೇ ನಕ್ಕಳು. ಆದರೆ ಒಮ್ಮೊಮ್ಮೆ ಕೈ ಕೈಕೊಡುತ್ತಿತ್ತು. ಎದುರಿಗೆ ಯಾರೂ ಇಲ್ಲ, ನೆನೆದುಕೊಳ್ಳಲೂ ಯಾರೂ ಒದಗಲಿಲ್ಲ ಎಂದರೆ ಅಗಳಿ ಹಾಗೇ. ಆ ಪತ್ರದ ಸಾಲಿನಲ್ಲಿ "ಇನ್ನೊಂದು ಕೈಯ ನೆರವು" ಎಂದಿತ್ತು. ನೆನಪಿನ ಕೈಯೂ ಕೈಯೇ ಅಲ್ಲವೇ ಎಂದು ಅವಳಿಗೆ ಅನುಮಾನ.

"ಅಷ್ಟು ಕೂದಲು ಸೀಳಬೇಡ್ರಿ," ಎಂದರು ನೀಲಮ್ಮ. "ನಮ್ಮ ಲೆಕ್ಕದಾಗ ನೀವು ಪಾಸು. ಪಟ್ಟಿ ನಿಮ್ಮದ. ಉಳಿದವರಿಗೂ ಕೊಡ್ತೀವಿ."

"ನಿಮ್ಮ ಲೆಕ್ಕ ಸರಿ ಅಮ್ಮಾ. ನನ್ನದೊಂದು ಬಾಕಿ ಉಂಟು."

*

ನೂಲಹುಣ್ಣಿಮೆ ಹತ್ತಿರವಾಯಿತು. ಒಂದು ಬೆಳಿಗ್ಗೆ ಮಾಸ್ತಮ್ಮ ಗೂಡಿನಿಂದ ಪತ್ರ ತೆಗೆದು ಇನ್ನೊಮ್ಮೆ ಓದಿದಳು, ಲಕೋಟೆಗೆ ಅಂಟು ಹಚ್ಚಿದಳು. ಸೆರಗು ಸಿಕ್ಕಿಸಿ ಹೊರಟವಳ ಹಿಂದೆ ಹೊನ್ನಪ್ಪನೂ ಚಪ್ಪಲಿ ಮೆಟ್ಟಿದ.

"ನೀವೆಂತಕ್ಕೆ?"

"ಬೀಡಿ ತರೂಕೆ," ಎಂದ. ಬೀಡಿ ಬಿಟ್ಟು ವರ್ಷಗಳಾಗಿದ್ದವು. ಅವಳು ಬೇಡ ಎನ್ನಲಿಲ್ಲ.

ಅಂಚೆ ಕಚೇರಿಯ ಜಗಲಿಯ ಕಂಬಕ್ಕೆ ಕೆಂಪು ಪೆಟ್ಟಿಗೆ ತೂಗುಹಾಕಿತ್ತು. ಈಗೀಗ ಅದಕ್ಕೆ ಪತ್ರ ಹಾಕುವವರೇ ಕಡಿಮೆ, ಬಾಯಿಗೆ ತುಕ್ಕು ಹಿಡಿದಿತ್ತು. ಮಾಸ್ತಮ್ಮ ಲಕೋಟೆಯನ್ನು ಬಲಗೈಯಲ್ಲಿ ಹಿಡಿದು ಬೆರಳ ಗಂಟಿನವರೆಗೆ ಒಳಗೆ ತೂರಿಸಿದಳು.

ಬಿಡಲಿಲ್ಲ.

ಅವಳು ನೇತ್ರಾಳ ಕೈಯನ್ನು ನೆನೆದಳು, ನೀಲಮ್ಮನ ಕೈಯನ್ನು, ಧಕ್ಕೆಯ ಮೇಲೆ ಬಾಗಿದ ವಾಮನನ ಕೈಯನ್ನು. ಯಾವ ಕೈಯೂ ಆ ಪೆಟ್ಟಿಗೆಯೊಳಗೆ ಹಿಡಿಸಲಿಲ್ಲ. ಲಕೋಟೆಗೆ ಭಾರವೂ ಇರಲಿಲ್ಲ, ಯಾರಾದರೂ ತೆಗೆದುಕೊಂಡರು ಎಂದುಕೊಳ್ಳಲು.

ಹಿಂದೆ ಬಂದು ನಿಂತ ಪೇಪರ್ ಮಾರುವ ಶಿವರಾಯ, "ಎಂತ ಮಾಸ್ತಕ್ಕ, ಪೆಟ್ಟಿಗೆಗೆ ತುತ್ತು ಕೊಡ್ತಿದ್ಯಾ?" ಎಂದ.

"ಅದಕ್ಕೆ ಹಸಿವಿಲ್ಲ ಮಾರಾಯ. ನಿಂತ್ಕ ಸ್ವಲ್ಪ."

ಹೊನ್ನಪ್ಪ ಹತ್ತಿರ ಬಂದ. ದನಿ ತಗ್ಗಿಸಿ, "ನಾನು ಹೇಳ್ಲಾ? ಬಂತು ಅಂತ?" ಎಂದ.

ಅವಳು ಅವನ ಮುಖ ನೋಡಿದಳು. ಹೇಳು ಎಂದರೆ ಹೇಳುತ್ತಾನೆ, ಪೆಟ್ಟಿಗೆಯ ಹಿಂದೆ ಹೋಗಿ ನಿಂತು ಬೇಕಾದರೂ ಹೇಳುತ್ತಾನೆ.

"ಬೇಡ. ಅಲ್ಲಿ ಯಾರೂ ಇಲ್ಲ. ಯಾರೂ ಇಲ್ದೆಯೇ ಬಿಡ್ಬೇಕು."

ಬೆಳಚಿಗೆ ಯಾರು ಹೇಳುತ್ತಾರೆ ಬಂತು ಅಂತ? ಉಬ್ಬರದ ನೀರು ಹೇಳುವುದಿಲ್ಲ. ಮರಳು ಹೇಳುವುದಿಲ್ಲ. ಕತ್ತಲೆಯೊಳಗೆ ಮುಚ್ಚಿಕೊಂಡು ಕುಳಿತ ಅಷ್ಟು ಸಣ್ಣ ಜೀವ, ಇನ್ನು ಸಾಕು ಎಂದು ತಾನೇ ತನ್ನ ನರಕ್ಕೆ ಹೇಳಿಕೊಳ್ಳುತ್ತದೆ. ಮೆದುಳು ಎಂದು ಕರೆಯಲೂ ಆಗದಷ್ಟು ಕೆಲವೇ ನರಗಂಟುಗಳು ಅದಕ್ಕೆ. ಅದಕ್ಕೆ ಆಗುವುದು ತನಗೆ ಆಗದೇ?

"ಬಂತು" ಎನ್ನುವುದು ತೆಗೆದುಕೊಳ್ಳುವವರ ಮಾತು. ಕೊಡುವವರಿಗೆ ಇಷ್ಟು ವರ್ಷ ಮಾತೇ ಇರಲಿಲ್ಲ. ಮಾಸ್ತಮ್ಮ ಕಣ್ಣು ಮುಚ್ಚಲಿಲ್ಲ, ಯಾರನ್ನೂ ನೆನೆಯಲಿಲ್ಲ. ಬೆರಳುಗಳನ್ನೇ ನೋಡುತ್ತಾ, ದನಕ್ಕೆ ಹಗ್ಗ ಬಿಚ್ಚಿ ಬೆನ್ನು ತಟ್ಟಿ ಕಳಿಸುವ ಹಾಗೆ ಹೇಳಿದಳು.

"ಹೋಗು."

ಗುಂಡಿಯನ್ನು ಯಾರೂ ಮುಟ್ಟದೆಯೇ ಮೊಣಕೈ ಕೆಳಗೆ ತಣ್ಣಗೊಂದು ಹನಿ ಹರಿದಂತಾಯಿತು. ಕಿರುಬೆರಳು ಮೊದಲು, ಆಮೇಲೆ ಉಳಿದವು. ಪೆಟ್ಟಿಗೆಯ ತಳದಲ್ಲಿ ಕಾಗದ ಬಿದ್ದ ಸದ್ದಾಯಿತು. ಅಷ್ಟು ಸಣ್ಣ ಸದ್ದಿಗೆ ಶಿವರಾಯನೂ ಕಿವಿಗೊಟ್ಟು ನಿಂತಿದ್ದ, ಯಾಕೆಂದು ತಿಳಿಯದೆ.

"ಬಿತ್ತಾ?" ಎಂದ ಹೊನ್ನಪ್ಪ.

ಮಾಸ್ತಮ್ಮ ಕೈಯನ್ನು ಹೊರಗೆ ತೆಗೆದಳು.

"ಹೋಯ್ತು," ಎಂದಳು.